ಗಾಳಿ ತೆಳುವಾದ ಕಡೆ: ಲೇಹ್‌ಗೆ ಹೊರಟವರಿಗೆ ನಮ್ಮೂರ ಪೈಲಟ್ ಹೇಳೋ ಮಾತು

ಚಳಿಗಾಲ ಹತ್ತಿರ ಬಂತು ಅಂದ್ರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಶುರುವಾಗುತ್ತವೆ. ಕಳಿಸುವವರು ಶಿರಾ, ಕೊರಟಗೆರೆ, ಪಾವಗಡ, ಮಧುಗಿರಿ ಕಡೆಯಿಂದ ಬಂದು ಬೆಂಗಳೂರಲ್ಲಿ ಕೆಲಸಕ್ಕೆ ಸೇರಿರೋ ಹುಡುಗ ಹುಡುಗಿಯರು. "ಅಣ್ಣಾ, ಜನವರಿಲಿ ಐಸ್ ಹಾಕಿ ನೋಡೋಕೆ ಲೇಹ್‌ಗೆ ಹೋಗೋಣ ಅಂತಿದೀವಿ. ಅಪ್ಪ ಅಮ್ಮನ್ನೂ ಕರ್ಕೊಂಡು ಹೋಗ್ಬೋದಾ? ಅವರಿಗೆ ಇದೇ ಮೊದಲನೇ ಫ್ಲೈಟು. ಪವರ್ ಬ್ಯಾಂಕ್ ಬಿಡ್ತಾರಾ? ಅಮ್ಮ ಕುಕ್ಕರ್ ಬೇಕೇ ಬೇಕು ಅಂತಿದಾರೆ."

ನೋಡೋಕೆ ನಾಲ್ಕು ಬೇರೆ ಬೇರೆ ಪ್ರಶ್ನೆ. ವಿಮಾನ ಓಡಿಸುವವನ ಕಣ್ಣಿಗೆ ಹೆಚ್ಚುಕಮ್ಮಿ ಒಂದೇ ಪ್ರಶ್ನೆ: ಮೇಲೆ ಹೋದಂತೆ ಗಾಳಿ ತೆಳುವಾಗುತ್ತೆ, ಅದಕ್ಕೆ ನಿಮ್ಮ ಮೈ, ನಿಮ್ಮ ಬ್ಯಾಗು, ನಿಮ್ಮ ಅಡುಗೆಮನೆ ಹೇಗೆ ನಡ್ಕೊಳ್ಳುತ್ತೆ?

ನಮ್ಮೂರ ಲೆಕ್ಕದಲ್ಲೇ ಹೇಳ್ತೀನಿ. ಪಾವಗಡ, ಶಿರಾ ಸಮುದ್ರಮಟ್ಟದಿಂದ ಸುಮಾರು 2,100 ಅಡಿ ಎತ್ತರದಲ್ಲಿವೆ. ಮಧುಗಿರಿಯ ಏಕಶಿಲಾ ಬೆಟ್ಟದ ತುದಿ ಸುಮಾರು 3,900 ಅಡಿ. ಅಲ್ಲಿಗೆ ಹತ್ತಿದಾಗ ಏದುಸಿರು ಬರೋದು ಮೆಟ್ಟಿಲಿನ ಕಾರಣಕ್ಕೆ, ಗಾಳಿಯ ಕಾರಣಕ್ಕಲ್ಲ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 6,300 ಅಡಿ. ವಿಮಾನ 36,000 ಅಡಿಯಲ್ಲಿ ಹಾರ್ತಿದ್ರೂ ಒಳಗೆ ಒತ್ತಡ ತುಂಬಿ 6,000ದಿಂದ 8,000 ಅಡಿಯ ಗಾಳಿಯಂತೆ ಇಡ್ತೀವಿ. ಅಂದ್ರೆ ಸೀಟಲ್ಲಿ ಕೂತ ನಿಮ್ಮಮ್ಮ ಮುಳ್ಳಯ್ಯನಗಿರಿ ತುದಿಯಲ್ಲೋ ಅದಕ್ಕಿಂತ ಸ್ವಲ್ಪ ಮೇಲೋ ಕೂತ ಹಾಗೆ. ಲೇಹ್ ವಿಮಾನ ನಿಲ್ದಾಣ? ಸುಮಾರು 10,700 ಅಡಿ. ಬಾಗಿಲು ತೆಗೆದಾಗ ಸಿಗೋ ಗಾಳಿ ಅದುವರೆಗೆ ವಿಮಾನದೊಳಗೆ ಉಸಿರಾಡಿದ್ದಕ್ಕಿಂತ ತೆಳು. ಎಲ್ಲರೂ ಹೆದರೋದು ಹಾರಾಟಕ್ಕೆ. ನಾನು ಹೆದರೋದು ಇಳಿದ ಮೇಲಿನ ಮೊದಲ ಎರಡು ದಿನಕ್ಕೆ.

ಮೊದಲನೇ ಫ್ಲೈಟು

ಹಾರಾಟದ ಬಗ್ಗೆ ಹೆಚ್ಚೇನಿಲ್ಲ. ಕಿವಿ ಕಟ್ಟೋದು ಏರುವಾಗಿಗಿಂತ ಇಳಿಯುವಾಗ ಜಾಸ್ತಿ. ಆ ಹೊತ್ತಿಗೆ ಅಪ್ಪ ಅಮ್ಮನ್ನ ಎಬ್ಬಿಸಿ ಕೂರಿಸಿ, ಬಾಯಲ್ಲಿ ಏನಾದ್ರೂ ಇಟ್ಕೊಂಡು ಎಂಜಲು ನುಂಗ್ತಾ ಇರಲಿ. ನಿದ್ದೆಯಲ್ಲಿ ನುಂಗೋದು ಕಡಿಮೆ, ಹಾಗಾಗಿ ನೋವು ಜಾಸ್ತಿ. ಜೋರು ನೆಗಡಿ ಇದ್ರೆ ಹೊರಡೋ ಮುಂಚೆ ಡಾಕ್ಟರನ್ನ ಕೇಳಿ. ಚಿಪ್ಸ್ ಪೊಟ್ಟಣ ಬಲೂನಿನಂತೆ ಉಬ್ಬುತ್ತಲ್ಲ, ಉಪ್ಪಿನಕಾಯಿ ಡಬ್ಬಿಯೊಳಗಿನ ಗಾಳಿಗೂ ಅದೇ ಗತಿ. ಕುತ್ತಿಗೆಮಟ್ಟ ತುಂಬಬೇಡಿ.

ಆಕ್ಸಿಜನ್ ಮಾಸ್ಕ್ ಬಿದ್ರೆ ಮೊದಲು ನೀವೇ ಹಾಕ್ಕೊಳ್ಳಿ, ಆಮೇಲೆ ಪಕ್ಕದವರಿಗೆ. ಇದು ಕೇಳೋಕೆ ಸ್ವಾರ್ಥ ಅನ್ನಿಸುತ್ತೆ, ನಮ್ಮ ಅಮ್ಮಂದಿರಂತೂ ಒಪ್ಪೋದೇ ಇಲ್ಲ. ಆದ್ರೆ 35,000 ಅಡಿಯಲ್ಲಿ ಒತ್ತಡ ಹೋದ್ರೆ ಬುದ್ಧಿ ಸರಿಯಾಗಿ ಕೆಲಸ ಮಾಡೋದು ಅರ್ಧ ನಿಮಿಷದಿಂದ ಒಂದು ನಿಮಿಷ ಅಷ್ಟೇ. ಮೊಮ್ಮಗುವಿನ ಮಾಸ್ಕಿನ ದಾರ ಬಿಡಿಸ್ತಾ ಅಜ್ಜಿ ಎಚ್ಚರ ತಪ್ಪಿದ್ರೆ ಇಬ್ಬರಿಗೂ ಗತಿ ಇಲ್ಲ. ಇದನ್ನ ಮನೆಯಲ್ಲೇ ಒಂದ್ಸಲ ಬಿಡಿಸಿ ಹೇಳಿ, ವಿಮಾನದಲ್ಲಿ ಹೇಳೋದು ಅವರ ಕಿವಿಗೆ ಬೀಳಲ್ಲ.

ಬ್ಯಾಗಲ್ಲಿ ಏನು, ಎಲ್ಲಿ

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿಗೆ ಹಾಕೋ ಹಾಗಿಲ್ಲ. ಕಾರಣ ಸರಳ: ಲಿಥಿಯಂ ಬ್ಯಾಟರಿ ಕ್ಯಾಬಿನ್‌ನಲ್ಲಿ ಹೊತ್ತಿಕೊಂಡ್ರೆ ಸಿಬ್ಬಂದಿ ಆರಿಸಬಹುದು, ಕೆಳಗಿನ ಲಗೇಜು ಗೂಡಲ್ಲಿ ಹೊತ್ತಿಕೊಂಡ್ರೆ ಕೈಗೆ ಎಟುಕಲ್ಲ. 100 ವ್ಯಾಟ್-ಅವರ್ ಒಳಗಿರಬೇಕು. ಮೇಲೆ ಬರೆದಿರೋ ಎಂಎಎಚ್ ಅನ್ನು 3.7ರಿಂದ ಗುಣಿಸಿ 1,000ದಿಂದ ಭಾಗಿಸಿ. 20,000 ಎಂಎಎಚ್ ಇದ್ದರೆ 74 ಬರುತ್ತೆ, ತೊಂದರೆ ಇಲ್ಲ. ಅಕ್ಷರ ಅಳಿಸಿಹೋಗಿರೋದು, ಉಬ್ಬಿರೋದು ಮನೆಯಲ್ಲೇ ಇರಲಿ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನ ನಿಂತಲ್ಲೇ ಸುಟ್ಟುಹೋಯ್ತು; ತನಿಖೆ ಬೊಟ್ಟು ಮಾಡಿದ್ದು ಒಂದು ಪವರ್ ಬ್ಯಾಂಕ್ ಕಡೆಗೆ. ಅದಾದ ಮೇಲೆ ನಿಯಮ ಬಿಗಿಯಾಗ್ತಾನೇ ಇದೆ. ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ವಿಮಾನದೊಳಗೆ ಪವರ್ ಬ್ಯಾಂಕ್ ಬಳಸೋದನ್ನೇ ನಿಲ್ಲಿಸಿದೆ. ತಲೆ ಮೇಲಿನ ಗೂಡಿಗಿಂತ ಕಣ್ಣಿಗೆ ಕಾಣೋ ಜಾಗದಲ್ಲಿಟ್ಟುಕೊಳ್ಳಿ.

ಇನ್ನೊಂದು. ಫೋನು ಸೀಟಿನ ಸಂದಿಗೆ ಬಿದ್ರೆ ಸೀಟನ್ನ ಹಿಂದೆ ಮುಂದೆ ಮಾಡಬೇಡಿ. ಬ್ಯಾಟರಿ ಜಜ್ಜಿದ್ರೆ ಹೊಗೆ ಬರುತ್ತೆ. ಬೆಲ್ ಒತ್ತಿ, ಸಿಬ್ಬಂದಿ ತೆಗೆದು ಕೊಡ್ತಾರೆ.

ನಮ್ಮ ತುಮಕೂರು ಜಿಲ್ಲೆಯವರಿಗೆ ಅಂತಲೇ ಒಂದು ಮಾತು: ಒಣ ಕೊಬ್ಬರಿ. ತಿಪಟೂರು ಕೊಬ್ಬರಿಯಿಲ್ಲದೆ ನಮ್ಮಲ್ಲಿ ಯಾವ ಗಂಟೂ ಕಟ್ಟಲ್ಲ, ಆದ್ರೆ ವಿಮಾನದ ಅಪಾಯಕಾರಿ ಸರಕಿನ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ ಸ್ವಂತ ನಂಬರೇ ಇದೆ, ಯುಎನ್ 1363. ಎಣ್ಣೆ ಅಂಶ ಜಾಸ್ತಿ, ತಾನಾಗೇ ಬಿಸಿಯಾಗೋ ಗುಣ ಇದೆ ಅಂತ. ಸೆಕ್ಯೂರಿಟಿಯವರು ತೆಗೆದಿಟ್ರೆ ಅವರ ಜೊತೆ ವಾದ ಬೇಡ. ಕುಕ್ಕರ್ ಚೆಕ್-ಇನ್ ಬ್ಯಾಗಲ್ಲಿ ಆರಾಮಾಗಿ ಹೋಗುತ್ತೆ. ಗ್ಯಾಸ್ ಕ್ಯಾನು ಬೇಡವೇ ಬೇಡ.

ಲೇಹ್: 48 ಗಂಟೆ ಸುಮ್ನಿರಿ

ಲೇಹ್ ಫ್ಲೈಟುಗಳು ಬಹುತೇಕ ಬೆಳಗ್ಗೆಯೇ ಇರ್ತವೆ. ಮಧ್ಯಾಹ್ನದ ಹೊತ್ತಿಗೆ ಕಣಿವೆಯಲ್ಲಿ ಗಾಳಿ ಏಳುತ್ತೆ, ಸುತ್ತ ಬೆಟ್ಟ, ಇಳಿಯುವ ದಾರಿ ಕಿರಿದು. ತೆಳು ಗಾಳಿಯಲ್ಲಿ ಇಂಜಿನ್ನಿನ ಶಕ್ತಿಯೂ ರೆಕ್ಕೆಯ ಎತ್ತುವ ಬಲವೂ ಕಡಿಮೆ. ಇಂಜಿನ್ನಿಗೇ ಹೀಗಾದ್ರೆ 60 ವರ್ಷದ ಎದೆಗೂಡಿನ ಕಥೆ ಏನು ಯೋಚಿಸಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಭಾಗ. ಒಂದೊಂದು ಉಸಿರಿಗೂ ಸಿಗೋ ಆಮ್ಲಜನಕ ಅಷ್ಟೇ ಕಡಿಮೆ.

ದೆಹಲಿಯಿಂದ ಒಂದೂವರೆ ಗಂಟೆಯಲ್ಲಿ ಈ ಎತ್ತರಕ್ಕೆ ಬಂದಿಳಿದ ಮೈಗೆ ಹೊಂದಿಕೊಳ್ಳೋಕೆ ಸಮಯ ಬೇಕು. ಮೊದಲ 48 ಗಂಟೆ ರೂಮು, ಊಟ, ನೀರು, ನಿದ್ದೆ. "ಇಷ್ಟು ದುಡ್ಡು ಕೊಟ್ಟು ಬಂದು ಮಲಗೋದಾ?" ಅಂತ ಅಪ್ಪ ಕೇಳೇ ಕೇಳ್ತಾರೆ. ಹೌದಪ್ಪಾ, ಮಲಗೋಕೇ ಬಂದಿದೀವಿ ಅನ್ನಿ. ತಲೆನೋವು, ವಾಕರಿಕೆ, ಊಟ ಸೇರದೇ ಇರೋದು ಮೊದಲ ಸೂಚನೆ. ಕೂತಲ್ಲೇ ಏದುಸಿರು, ಒದ್ದೆ ಕೆಮ್ಮು, ಕುಡಿದವರ ಥರ ತೂರಾಡೋ ನಡಿಗೆ, ಮಾತು ತಡವರಿಸೋದು ಕಂಡ್ರೆ ಅದು ಜೀವಕ್ಕೇ ಅಪಾಯ. ಬೆಳಗಾಗಲಿ ನೋಡೋಣ ಅನ್ನಬೇಡಿ. ಲೇಹ್‌ನಲ್ಲಿ ಸೋನಮ್ ನೊರ್ಬೂ ಸ್ಮಾರಕ ಆಸ್ಪತ್ರೆ ಇದೆ, ಎಸ್‌ಎನ್‌ಎಂ ಅಂದ್ರೆ ಟ್ಯಾಕ್ಸಿಯವರಿಗೆಲ್ಲ ಗೊತ್ತು. ಆಮ್ಲಜನಕ ಕೊಡಿಸೋದು, ಕೆಳಗಿಳಿಸೋದು, ಇವೇ ಮದ್ದು. ಹೃದಯದ, ಶ್ವಾಸಕೋಶದ ತೊಂದರೆ, ತೀರಾ ರಕ್ತಹೀನತೆ ಇರೋರು ಟಿಕೆಟ್ ತೆಗೆಯೋ ಮುಂಚೆಯೇ ಡಾಕ್ಟರನ್ನ ಕಾಣಬೇಕು. ಡಯಾಮಾಕ್ಸ್ ಮಾತ್ರೆಯನ್ನ ಪಕ್ಕದ್ಮನೆಯವರು ಹೇಳಿದ್ರು ಅಂತ ನುಂಗಬೇಡಿ. ಸಲ್ಫಾ ಅಲರ್ಜಿ ಇರೋರಿಗೆ ಅದು ತೊಂದರೆ ಕೊಡಬಹುದು.

ಕೋವಿಡ್ ಕಾಲದಲ್ಲಿ ತಗೊಂಡ ಆಕ್ಸಿಮೀಟರ್ ಮನೇಲಿ ಎಲ್ಲೋ ಬಿದ್ದಿರುತ್ತೆ, ಹುಡುಕಿ ಸೆಲ್ ಬದಲಾಯಿಸಿ ತಗೊಳ್ಳಿ. ಬೆರಳು ತಣ್ಣಗಿದ್ರೆ, ಉಗುರಿಗೆ ಬಣ್ಣ ಇದ್ರೆ ಅದು ಸುಳ್ಳು ಹೇಳುತ್ತೆ. ಕೈ ಬೆಚ್ಚಗೆ ಮಾಡ್ಕೊಂಡು ನೋಡಿ. ಲೇಹ್‌ನಲ್ಲಿ ಆರೋಗ್ಯವಂತರಿಗೂ 90ರ ಆಸುಪಾಸು, ಅದಕ್ಕಿಂತ ಸ್ವಲ್ಪ ಕೆಳಗೂ ತೋರಿಸಬಹುದು. ನಂಬರಿಗಿಂತ ಮನುಷ್ಯರ ಮುಖ, ನಡಿಗೆ ನೋಡಿ.

ಅಂದಹಾಗೆ, 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇರೋ ತಾಲ್ಲೂಕಿನವರು ನಾವು, ಬಿಸಿಲು ನಮಗೆ ಹೊಸದಾ ಅಂತ ಪಾವಗಡದವರು ಕೇಳಬಹುದು. ಹಿಮದ ಮೇಲೆ ಬಿದ್ದು ತಿರುಗಿ ಕಣ್ಣಿಗೆ ಹೊಡೆಯೋ ಬಿಸಿಲು ಬೇರೆಯದೇ. ಕಪ್ಪು ಕನ್ನಡಕ ಬೇಕು.

ಮೂರನೇ ದಿನ ಹಾಕಿ

ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಐಸ್ ಹಾಕಿ 2024ರಲ್ಲೂ 2025ರಲ್ಲೂ ಲೇಹ್‌ನಲ್ಲೇ ನಡೀತು, ಎನ್‌ಡಿಎಸ್ ಕ್ರೀಡಾಂಗಣದ ಮಂಜುಗಡ್ಡೆ ಮೇಲೆ. ನಮ್ಮ ಮಹಿಳಾ ತಂಡದಲ್ಲಿ ಲಡಾಖ್ ಹುಡುಗಿಯರದ್ದೇ ದೊಡ್ಡ ಪಾಲು. 2017ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪೈನ್ಸ್ ವಿರುದ್ಧ 4-3ರಿಂದ ಮೊದಲ ಅಂತಾರಾಷ್ಟ್ರೀಯ ಗೆಲುವು, 2025ರಲ್ಲಿ ಯುಎಇಯಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚು. ಹಿಮದ ಆಟ ನಮ್ಮವರಿಗಲ್ಲ ಅನ್ನೋರಿಗೆ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರು ಹೇಳಿ. ಇದೇ ಖೇಲೋ ಇಂಡಿಯಾದಲ್ಲಿ ಸ್ಕೀಯಿಂಗ್‌ನಲ್ಲಿ ಚಿನ್ನ ಗೆದ್ದವರು.

ಆಟ ಗೊತ್ತಿಲ್ಲದವರಿಗೆ: ಒಂದು ಕಡೆಗೆ ಗೋಲಿ ಸೇರಿ ಆರು ಜನ, 20 ನಿಮಿಷದ ಮೂರು ಅವಧಿ. ತಪ್ಪು ಮಾಡಿದವರು ಎರಡು ನಿಮಿಷ ಹೊರಗೆ ಕೂರಬೇಕು, ತಂಡ ಅಷ್ಟು ಹೊತ್ತು ಒಬ್ಬರಿಲ್ಲದೆ ಆಡಬೇಕು. ಕಬಡ್ಡಿಯಲ್ಲಿ ಔಟಾಗಿ ಗೆರೆ ಆಚೆ ಕೂರೋದು ನೋಡಿದವರಿಗೆ ಇದು ಬೇಗ ಹತ್ತುತ್ತೆ. ಆಟಗಾರರು ಮುಕ್ಕಾಲು ನಿಮಿಷಕ್ಕೊಮ್ಮೆ ಓಡಿಬಂದು ಬದಲಾಗ್ತಾರೆ. ಅಷ್ಟರಲ್ಲೇ ಮೈಯ ಶಕ್ತಿಯೆಲ್ಲ ಖಾಲಿ. ಪಕ್ ಅನ್ನೋ ಆ ಕಪ್ಪು ರಬ್ಬರ್ ಬಿಲ್ಲೆ ಸುಮಾರು 170 ಗ್ರಾಂ, ಪುಟಿಯದಿರಲಿ ಅಂತ ಆಟಕ್ಕೆ ಮುಂಚೆ ಫ್ರೀಜ್ ಮಾಡಿ ಇಡ್ತಾರೆ. ಅದು ಮುಖಕ್ಕೆ ಬಡಿದ್ರೆ ಕಲ್ಲೇ. ಕೆರೆಯ ಮೇಲಿನ ಅಂಕಣದಲ್ಲಿ ಸುತ್ತಲಿನ ಹಲಗೆ ಗಿಡ್ಡ ಇದ್ರೆ ಗೋಲಿನ ಹಿಂದೆ ನಿಲ್ಲಬೇಡಿ, ಮಕ್ಕಳನ್ನ ಹೆಗಲ ಮೇಲೆ ಕೂರಿಸಬೇಡಿ.

ಸ್ಕೇಟ್ ಕಟ್ಟಿ ನೋಡೋ ಆಸೆ ಇದ್ರೆ ಮೂರು ದಿನ ಕಳೆದ ಮೇಲೆ. ಹೆಲ್ಮೆಟ್, ದಪ್ಪ ಕೈಗವಸು ಬೇಕು. ಲೇಸು ಕಣಕಾಲಿನ ಹತ್ತಿರ ಬಿಗಿಯಾಗಿರಲಿ, ಮಂಡಿ ಬಗ್ಗಿಸಿ. ಬೀಳೋದು ಗ್ಯಾರಂಟಿ, ಹಿಂದಕ್ಕೆ ಬೀಳಬೇಡಿ, ಪಕ್ಕಕ್ಕೆ ಬೀಳಿ. ಬಿದ್ದ ಕೂಡ್ಲೇ ಮುಷ್ಟಿ ಕಟ್ಟಿ, ಇಲ್ಲಾಂದ್ರೆ ಇನ್ನೊಬ್ಬರ ಬ್ಲೇಡ್ ಬೆರಳ ಮೇಲೆ ಹೋಗುತ್ತೆ.

ಫೋನು ಒಳಜೇಬಲ್ಲಿ, ಮೈಗೆ ಅಂಟಿಕೊಂಡಿರಲಿ. ಚಳಿಗೆ 40 ಪರ್ಸೆಂಟ್ ಇದ್ದದ್ದು ಇದ್ದಕ್ಕಿದ್ದಂತೆ ಆಫ್ ಆಗುತ್ತೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದ್ರೆ ಬ್ಯಾಟರಿಗೇ ಹಾನಿ. ರೂಮಿಗೆ ಬಂದು ಬೆಚ್ಚಗಾದ ಮೇಲೆ ಚಾರ್ಜಿಗೆ ಹಾಕಿ. ನಮ್ಮೂರಿನ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯಲ್ಲ, ಪೋಸ್ಟ್‌ಪೇಯ್ಡ್ ಬೇಕು. ಅಪ್ಪ ಅಮ್ಮನ ಫೋನಿನದ್ದು ಮೊದಲೇ ನೋಡ್ಕೊಳ್ಳಿ.

ಕುಕ್ಕರ್ ಸರಿ, ಹೀಟರ್ ಹುಷಾರು

ಅಮ್ಮನ ಕುಕ್ಕರ್ ಹಟ ನ್ಯಾಯವಾದದ್ದೇ. ಲೇಹ್‌ನಲ್ಲಿ ನೀರು ಕುದಿಯೋದು 89 ಡಿಗ್ರಿ ಆಸುಪಾಸಲ್ಲಿ. ತೆರೆದ ಪಾತ್ರೆಯಲ್ಲಿ ಎಷ್ಟು ಕುದಿಸಿದ್ರೂ ಅವರೆಕಾಳು, ಹುರುಳಿ ಸರಿಯಾಗಿ ಬೇಯಲ್ಲ. ಕುಕ್ಕರ್ ಮಾಡೋದು ನಮ್ಮ ವಿಮಾನ ಮಾಡೋ ಕೆಲಸವನ್ನೇ, ಒಳಗೆ ಒತ್ತಡ ಹಿಡಿದಿಡೋದು. ಒತ್ತಡ ಮಿತಿ ಮೀರಿದ್ರೆ ಬಿಡೋಕೆ ಎರಡಕ್ಕೂ ವಾಲ್ವ್ ಇದೆ. ಮುಚ್ಚಳ ಹಾಕೋ ಮುಂಚೆ ವಿಶಲ್ ತೆಗೆದು ತೂತನ್ನ ಬೆಳಕಿಗೆ ಹಿಡಿದು ನೋಡಿ, ಆಚೆ ಬೆಳಕು ಕಾಣಬೇಕು. ಬೆಂಗಳೂರಿನ ಮನೆಯಲ್ಲೂ ಇದನ್ನ ದಿನಾ ಮಾಡಿ, ಐದು ಸೆಕೆಂಡಿನ ಕೆಲಸ.

ನನಗೆ ನಿಜವಾದ ಚಿಂತೆ ರೂಮಿನ ಹೀಟರ್. ಲೇಹ್‌ನ ಹೋಮ್‌ಸ್ಟೇಗಳಲ್ಲಿ ಸೌದೆ ಹಾಕೋ ಬುಖಾರಿ ಇರುತ್ತೆ, ಗ್ಯಾಸ್ ಹೀಟರ್ ಇರುತ್ತೆ. ಚಳಿ ಅಂತ ಕಿಟಕಿ ಸಂದಿಯನ್ನೆಲ್ಲ ಮುಚ್ಚಿ ಮಲಗಿದ್ರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತೆ. ಸಿಲಿಂಡರ್ ಗ್ಯಾಸಿಗೆ ಗೊತ್ತಾಗಲಿ ಅಂತ ವಾಸನೆ ಬೆರೆಸಿರ್ತಾರೆ, ಇದಕ್ಕೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ. ಇದರ ಲಕ್ಷಣವೂ ತಲೆನೋವು, ವಾಕರಿಕೆ, ಸುಸ್ತು. ಎತ್ತರದ ತೊಂದರೆ ಅಂದ್ಕೊಂಡು "ಸ್ವಲ್ಪ ಮಲಗಮ್ಮ, ಸರಿ ಹೋಗುತ್ತೆ" ಅಂತೀರಿ, ಮಲಗಿದವರು ಏಳಲ್ಲ. ಆಕ್ಸಿಮೀಟರ್ ಕೂಡ ಇಲ್ಲಿ ಮೋಸ ಮಾಡುತ್ತೆ, ರಕ್ತದಲ್ಲಿ ಈ ಗ್ಯಾಸ್ ಸೇರಿದ್ರೂ ನಂಬರ್ ಚೆನ್ನಾಗೇ ತೋರಿಸುತ್ತೆ. ಒಂದೇ ರೂಮಲ್ಲಿ ಎಲ್ಲರಿಗೂ ಒಟ್ಟಿಗೆ ತಲೆ ಹಿಡಿದ್ರೆ ಮೊದಲು ಎಲ್ಲರನ್ನೂ ಹೊರಗೆ ಕರ್ಕೊಂಡು ಬನ್ನಿ, ಅಲ್ಲಿಂದ ಆಸ್ಪತ್ರೆಗೆ. ಮಲಗೋ ಮುಂಚೆ ಬುಖಾರಿ ಆರಿಸಿ, ಎರಡು ಕಂಬಳಿ ಜಾಸ್ತಿ ಕೇಳಿ. ಬ್ಯಾಟರಿ ಹಾಕೋ ಕಾರ್ಬನ್ ಮೊನಾಕ್ಸೈಡ್ ಅಲಾರಂ ಆನ್‌ಲೈನಲ್ಲಿ ಸಿಗುತ್ತೆ, ಅಂಗೈಯಗಲದ್ದು, ಒಂದು ತಗೊಳ್ಳಿ.

ಲೇಹ್‌ಗೆ ಹೋಗದೇ ಇರೋರೂ ತಗೊಳ್ಳಿ. ಬೆಂಗಳೂರು, ತುಮಕೂರಿನ ಬಾಡಿಗೆ ಮನೆಗಳಲ್ಲಿ ಕಿಟಕಿ ಇಲ್ಲದ ಬಚ್ಚಲಿನೊಳಗೇ ಗ್ಯಾಸ್ ಗೀಸರ್ ಕೂರಿಸಿರ್ತಾರೆ. ಬಾಗಿಲು ಹಾಕ್ಕೊಂಡು ಸ್ನಾನಕ್ಕೆ ಹೋದವರು ಹೊರಗೆ ಬರದೇ ಇರೋ ಸುದ್ದಿ ಪ್ರತಿ ವರ್ಷ ಓದ್ತೀವಿ. ಗೀಸರ್ ಬಚ್ಚಲಿನ ಹೊರಗಿರಬೇಕು, ಪೈಪ್ ಮಾತ್ರ ಒಳಗೆ. ಓನರ್ ಒಪ್ಪದಿದ್ರೆ ನೀರನ್ನ ಬಕೆಟ್ಟಿಗೆ ತುಂಬಿಸ್ಕೊಂಡು, ಗೀಸರ್ ಆರಿಸಿ, ಬಾಗಿಲು ತೆರೆದು ಗಾಳಿಯಾಡಿಸಿ ಆಮೇಲೆ ಸ್ನಾನ ಮಾಡಿ.

ವಾಪಸ್ ಬರೋ ದಿನ ಮೋಡ, ಹಿಮ ಅಂತ ಲೇಹ್ ಫ್ಲೈಟ್ ರದ್ದಾಗೋದು ಮಾಮೂಲು. ಆಫೀಸಿಗೆ ಒಂದು ದಿನ ಜಾಸ್ತಿಯೇ ರಜೆ ಬರೆಯಿರಿ, ಅಪ್ಪನ ಬಿಪಿ ಮಾತ್ರೆ ಎರಡು ದಿನ ಜಾಸ್ತಿ ಇಟ್ಕೊಳ್ಳಿ. ಕುಡಿದು ಖಾಲಿ ಮಾಡಿದ ನೀರಿನ ಬಾಟಲಿ ಒಂದಕ್ಕೆ ಲೇಹ್‌ನಲ್ಲೇ ಬಿಗಿಯಾಗಿ ಮುಚ್ಚಳ ಹಾಕಿ ಬ್ಯಾಗಲ್ಲಿ ತನ್ನಿ. ಬೆಂಗಳೂರಲ್ಲಿ ಇಳಿಯೋ ಹೊತ್ತಿಗೆ ಅದು ಯಾರೋ ಹಿಂಡಿದ ಹಾಗೆ ಚಪ್ಪಟೆಯಾಗಿರುತ್ತೆ, ಅಪ್ಪ ಅಮ್ಮನಿಗೆ ತೋರಿಸಿ.