ಕಪಾಟು ಸರಿಸಿ ಗುಂಪು ಓದಿಗೆ ಜಾಗ: ಗ್ರಂಥಾಲಯ ಬದಲಾದರೆ ನಮ್ಮ ತಾಲ್ಲೂಕುಗಳಿಗೆ ಏನು ಲಾಭ?

ದಾವಣಗೆರೆ: ಗ್ರಂಥಾಲಯ ಅಂದ ಕೂಡಲೇ ನೆನಪಿಗೆ ಬರೋದು ಗೋಡೆ ಮೇಲಿನ ‘ನಿಶ್ಶಬ್ದವಾಗಿರಿ’ ಬೋರ್ಡು. ಆದರೆ ಈಗಿನ ಓದು ಬರೀ ನಿಶ್ಶಬ್ದದಲ್ಲಿ ಮುಗಿಯಲ್ಲ. ಪ್ರಾಜೆಕ್ಟ್ ವರದಿ ನಾಲ್ಕು ಜನ ಸೇರಿ ಬರೀಬೇಕು. ಪಿಡಿಒ, ಪೊಲೀಸ್, ಕೆಎಎಸ್ ಪರೀಕ್ಷೆಗೆ ಓದೋರು ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಂಡು ಕಲೀತಾರೆ. ಹೀಗಾಗಿ ವಿಶ್ವವಿದ್ಯಾಲಯಗಳು ತಮ್ಮ ಗ್ರಂಥಾಲಯವನ್ನು ಒಟ್ಟಿಗೆ ಕೂತು ಕಲಿಯುವ ಜಾಗವಾಗಿ ಮಾರ್ಪಡಿಸ್ತಾ ಇವೆ. ಇದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಜನರಿಗೆ ಯಾಕೆ ಮುಖ್ಯ? ಇಲ್ಲಿದೆ ವಿವರ.

ಏನಿದು ಹೊಸ ಪದ್ಧತಿ?

ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1994ರಲ್ಲೇ ಇಂಥ ಗ್ರಂಥಾಲಯ ತೆರೆಯಿತು. ಪುಸ್ತಕ, ಕಂಪ್ಯೂಟರ್, ಗುಂಪು ಚರ್ಚೆಯ ಕೋಣೆ, ಸಹಾಯ ಮಾಡುವ ಸಿಬ್ಬಂದಿ ಎಲ್ಲವೂ ಒಂದೇ ಸೂರಿನಡಿ. ಆಮೇಲೆ ಬೇರೆ ದೇಶಗಳಲ್ಲೂ ಇದು ಹಬ್ಬಿತು.

ಇದರ ಗುಟ್ಟು ಸರಳ: ಕಟ್ಟಡವನ್ನು ಸದ್ದಿನ ಲೆಕ್ಕದಲ್ಲಿ ಭಾಗ ಮಾಡೋದು. ಬಾಗಿಲ ಹತ್ತಿರ ಮಾತಾಡಬಹುದಾದ ಜಾಗ. ನಡುವೆ ಗಾಜಿನ ಗೋಡೆಯ ಸಣ್ಣ ಕೋಣೆಗಳು. ಆರೆಂಟು ಜನ ಕೂತು ಬಿಳಿ ಹಲಗೆ ಮೇಲೆ ಬರೆದು ಚರ್ಚೆ ಮಾಡಬಹುದು. ಒಳಗಡೆ ಅಥವಾ ಮೇಲಿನ ಮಹಡಿಯಲ್ಲಿ ಪೂರ್ತಿ ನಿಶ್ಶಬ್ದ. ಅಂದರೆ ನಿಶ್ಶಬ್ದವನ್ನು ತೆಗೆಯೋದಲ್ಲ, ಅದಕ್ಕೊಂದು ಪ್ರತ್ಯೇಕ ಜಾಗ ಕೊಡೋದು.

ಪುಸ್ತಕ ಎಲ್ಲಿಗೆ ಹೋಗುತ್ತೆ?

ಎಲ್ಲರೂ ಕೇಳೋ ಪ್ರಶ್ನೆ ಇದು, ನ್ಯಾಯವಾದದ್ದೇ. ಹಿಂದೆ ಹೆಚ್ಚು ಜಾಗ ನುಂಗುತ್ತಿದ್ದವುಗಳಲ್ಲಿ ಸಂಶೋಧನಾ ನಿಯತಕಾಲಿಕೆಗಳ ದಪ್ಪ ಬೈಂಡ್ ಸಂಪುಟಗಳೂ ಒಂದು. ಈಗ ಅವುಗಳಲ್ಲಿ ಬಹಳಷ್ಟು ಕಂಪ್ಯೂಟರ್‌ನಲ್ಲೇ ಸಿಗ್ತವೆ. 2025ರ ಜನವರಿ 1ರಿಂದ ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ಶುರುವಾಗಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13 ಸಾವಿರ ನಿಯತಕಾಲಿಕೆಗಳನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ 6,300ಕ್ಕೂ ಹೆಚ್ಚು ಉನ್ನತ ಶಿಕ್ಷಣ, ಸಂಶೋಧನಾ ಸಂಸ್ಥೆಗಳಿಗೆ ಒದಗಿಸುವ ಗುರಿ ಇದರದು. ಸರ್ಕಾರಿ ಕಾಲೇಜಿನಲ್ಲಿ ಓದೋ ಮಕ್ಕಳು ಲಾಗಿನ್ ಸಿಗುತ್ತಾ ಅಂತ ತಮ್ಮ ಗ್ರಂಥಪಾಲಕರನ್ನು ಒಮ್ಮೆ ಕೇಳಿ ನೋಡಬೇಕು.

ಆದರೆ ಎಚ್ಚರಿಕೆ ಬೇಕಾದ ಮಾತೂ ಇದೆ. ಹಳೆಯ ಕನ್ನಡ ಪುಸ್ತಕ, ಸ್ಥಳೀಯ ಚರಿತ್ರೆ, ಸ್ಮರಣ ಸಂಚಿಕೆ ಇವೆಲ್ಲ ಇಂಟರ್ನೆಟ್‌ನಲ್ಲಿ ಸಿಗೋದು ಕಡಿಮೆ. ಜಾಗ ಮಾಡೋ ನೆಪದಲ್ಲಿ ಅವನ್ನು ಗುಜರಿಗೆ ಹಾಕಿದರೆ ಮತ್ತೆ ಬರಲ್ಲ. ಹಳಿ ಮೇಲೆ ಸರಿಯುವ ಒತ್ತು ಕಪಾಟುಗಳಲ್ಲಿ ಇಟ್ಟರೆ ಕಡಿಮೆ ಜಾಗದಲ್ಲೇ ಉಳಿಸಿಕೊಳ್ಳಬಹುದು.

ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲೇ ಐದು ಸೂತ್ರ ಕೊಟ್ಟಿದ್ದರು. ಪುಸ್ತಕ ಇರೋದು ಬಳಸೋಕೆ, ಓದುಗನ ಸಮಯ ಉಳಿಸಬೇಕು, ಗ್ರಂಥಾಲಯ ಬೆಳೀತಾ ಹೋಗಬೇಕು ಅನ್ನೋದು ಅವುಗಳ ಸಾರ. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ತರಬೇತಿ ಕೇಂದ್ರ ಕಟ್ಟಿದವರೂ ಅವರೇ. ಹಾಗಾಗಿ ಬದಲಾವಣೆ ಅನ್ನೋದು ಗ್ರಂಥಾಲಯಕ್ಕೆ ಹೊಸದೇನಲ್ಲ.

ನಮ್ಮೂರಿಗೇನು ಸಂಬಂಧ?

ದಾವಣಗೆರೆ ವಿಶ್ವವಿದ್ಯಾಲಯ 2009ರಲ್ಲಿ ಶುರುವಾಯಿತು. ತೋಳಹುಣಸೆಯ ಶಿವಗಂಗೋತ್ರಿ ಆವರಣ ನಮ್ಮ ತಾಲ್ಲೂಕುಗಳಿಂದ ಬಸ್ಸಿನ ದಾರಿ. ಊರಿಂದ ದಿನಾ ಓಡಾಡೋ ವಿದ್ಯಾರ್ಥಿಗೆ ಅಂಥ ಗ್ರಂಥಾಲಯ ಎಷ್ಟೇ ಚೆಂದ ಆದರೂ ಸಂಜೆ ಬಸ್ಸು ತಪ್ಪಿದರೆ ಪ್ರಯೋಜನ ಇಲ್ಲ. ಹೆಣ್ಣುಮಕ್ಕಳಿಗಂತೂ ರಸ್ತೆ ದೀಪ, ಶೌಚಾಲಯ, ಕೊನೇ ಬಸ್ಸಿನ ಟೈಮು ಇವೇ ಮೊದಲ ಸೌಲಭ್ಯ. ಓದು ಮುಗಿದ ಮೇಲೆ ಎಷ್ಟೋ ಮಕ್ಕಳು ಊರಿಗೆ ವಾಪಸ್ ಬಂದು ಪರೀಕ್ಷೆಗೆ ತಯಾರಿ ನಡೆಸ್ತಾರೆ. ಧಾರವಾಡ, ಬೆಂಗಳೂರಿಗೆ ಹೋಗಿ ರೂಮು ಬಾಡಿಗೆ, ಕೋಚಿಂಗ್ ಫೀಸು ಕಟ್ಟೋ ಶಕ್ತಿ ಎಲ್ಲರ ಮನೆಯಲ್ಲೂ ಇರಲ್ಲ. ಮಳೆ ಕೈಕೊಟ್ಟ ವರ್ಷ ಜಗಳೂರಿನ ರೈತನ ಮನೆಯಲ್ಲಿ ಆ ಮಾತೇ ಏಳಲ್ಲ. ಅವರಿಗೆ ಉಳಿಯೋದು ತಾಲ್ಲೂಕು ಕೇಂದ್ರದ ಗ್ರಂಥಾಲಯ, ಇಲ್ಲವೇ ಪಂಚಾಯಿತಿಯ ಅರಿವು ಕೇಂದ್ರ. ಆದ್ದರಿಂದ ವಿಶ್ವವಿದ್ಯಾಲಯಕ್ಕೆ ಹೊಂದುವ ವಿಚಾರ ಇಲ್ಲಿಗೂ ಬರಬೇಕು.

ದುಡ್ಡು ಯಾರದು? ನಿಮ್ಮದೇ

ಅಂಗಡಿ ಅಥವಾ ಮನೆಯ ಆಸ್ತಿ ತೆರಿಗೆ ಚಲನ್ ತೆಗೆದು ನೋಡಿ. ಆರೋಗ್ಯ ಕರ, ಭಿಕ್ಷುಕರ ಕರದ ಜೊತೆಗೇ ಗ್ರಂಥಾಲಯ ಕರ ಅಂತ ಇರುತ್ತೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ವಸೂಲಾಗುವ ಈ ಕರ ಆಸ್ತಿ ತೆರಿಗೆಯ ಶೇ 6ರಷ್ಟು. 5,000 ರೂಪಾಯಿ ತೆರಿಗೆ ಕಟ್ಟೋ ಅಂಗಡಿಯವರು 300 ರೂಪಾಯಿಯನ್ನು ಗ್ರಂಥಾಲಯಕ್ಕೇ ಕೊಡ್ತಾರೆ. ಇದು ವಿಶ್ವವಿದ್ಯಾಲಯಕ್ಕೆ ಹೋಗಲ್ಲ, ಸಾರ್ವಜನಿಕ ಗ್ರಂಥಾಲಯಗಳಿಗೆ ಸೇರಬೇಕಾದ ದುಡ್ಡು. ಕೇಳೋ ಹಕ್ಕು ಕಟ್ಟಿದವರಿಗೆ ಇದ್ದೇ ಇದೆ.

ಯಾರನ್ನು ಕೇಳಬೇಕು?

ಪಟ್ಟಣದ ಶಾಖಾ ಗ್ರಂಥಾಲಯ ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಸೇರಿದ್ದು. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅವಕ್ಕೆ ‘ಅರಿವು ಕೇಂದ್ರ’ ಅಂತ ಹೆಸರು. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಇಲ್ಲಿ ಸದಸ್ಯತ್ವ ಉಚಿತ. ಹಾಗಾಗಿ ಹಳ್ಳಿಯವರು ಗ್ರಾಮಸಭೆಯಲ್ಲಿ, ಪಿಡಿಒ ಹತ್ತಿರ ಕೇಳಬೇಕು. ಪಟ್ಟಣದವರು ಗ್ರಂಥಾಲಯ ಇಲಾಖೆಗೆ ಅರ್ಜಿ ಕೊಡಬೇಕು. ಕರ ವಸೂಲು ಮಾಡೋ ಸ್ಥಳೀಯ ಸಂಸ್ಥೆಯ ಸದಸ್ಯರ ಗಮನಕ್ಕೂ ತರಬೇಕು.

ಏನು ಕೇಳಬೇಕು?

ಗ್ರಾನೈಟ್ ನೆಲ, ಹೊಸ ಬಣ್ಣ, ಉದ್ಘಾಟನೆಯ ಕಲ್ಲು ಇಷ್ಟಕ್ಕೇ ನವೀಕರಣ ಮುಗಿಯಬಾರದು. ಕಡಿಮೆ ಖರ್ಚಿನಲ್ಲಿ ಆಗೋ ಕೆಲಸಗಳೇ ಬೇಕಾದಷ್ಟಿವೆ:

* ಪ್ರತಿ ಮೇಜಿನ ಹತ್ತಿರ ಪ್ಲಗ್ ಪಾಯಿಂಟ್, ಕರೆಂಟ್ ಹೋದರೆ ಯುಪಿಎಸ್.
* ನಿಶ್ಶಬ್ದ ಓದಿಗೆ ಒಂದು ಭಾಗ, ಚರ್ಚೆಗೆ ಬಾಗಿಲಿರೋ ಒಂದು ಕೋಣೆ. ಕೋಣೆ ಇಲ್ಲದಿದ್ದರೆ ವರಾಂಡದಲ್ಲಿ ನಾಲ್ಕು ಬೆಂಚು, ಒಂದು ಕರಿಹಲಗೆ.
* ಬೆಳಗ್ಗೆ ಬೇಗ, ರಾತ್ರಿ ತಡವಾಗಿ ತೆರೆಯೋ ವ್ಯವಸ್ಥೆ. ಬೀಗ ಹಾಕಿದ ಗ್ರಂಥಾಲಯದಲ್ಲಿ ಎಷ್ಟು ಕುರ್ಚಿ ಇದ್ದರೇನು?
* ಕುಡಿಯೋ ನೀರು, ಶೌಚಾಲಯ, ಬಾಗಿಲಲ್ಲಿ ದೀಪ.
* ಹೊಸ ಪುಸ್ತಕ ತರಿಸೋ ಮುಂಚೆ ಓದುಗರ ಪಟ್ಟಿ ಕೇಳೋದು.

ಇದೆಲ್ಲಕ್ಕಿಂತ ಮುಖ್ಯ, ಗ್ರಂಥಪಾಲಕರು. ಕೋಣೆಯ ಸರದಿ ನೋಡಿಕೊಳ್ಳೋದು, ಸದ್ದು ಮಾಡೋರಿಗೆ ಹೇಳೋದು, ಕಂಪ್ಯೂಟರ್‌ನಲ್ಲಿ ಹುಡುಕೋದು ಕಲಿಸೋದು ಇವೆಲ್ಲ ಕುರ್ಚಿ ಮೇಜು ಮಾಡಲ್ಲ, ಮನುಷ್ಯರೇ ಮಾಡಬೇಕು. ಸಿಬ್ಬಂದಿ ಇಲ್ಲದೆ ಕಟ್ಟಡ ಮಾತ್ರ ಹೊಸದಾದರೆ ಕೆಲವೇ ತಿಂಗಳಲ್ಲಿ ಚರ್ಚೆಯ ಕೋಣೆ ಹಳೇ ಕುರ್ಚಿ ತುಂಬೋ ಗೋದಾಮು ಆಗುತ್ತೆ.

ಮುಂದಿನ ಗ್ರಾಮಸಭೆಗೆ ಹೋಗೋವಾಗ ತೆರಿಗೆ ರಸೀದಿ ಜೇಬಲ್ಲಿ ಇಟ್ಟುಕೊಳ್ಳಿ. ಕಟ್ಟಿದ ಗ್ರಂಥಾಲಯ ಕರ ಎಷ್ಟು, ಈ ವರ್ಷ ನಮ್ಮೂರಿನ ಗ್ರಂಥಾಲಯಕ್ಕೆ ಬಂದದ್ದೆಷ್ಟು ಅಂತ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.