ಮೂರು ಗಾಲಿಯ ನಡೆಯೋ ಗಾಡಿ

ಫಾಲ್ಗುಣದ ಹುಣ್ಣಿಮೆ ಹೊತ್ತಿಗೆ ಹೊಸೂರಿನಲ್ಲಿ ಚಂದ್ರಚೂಡೇಶ್ವರನ ತೇರು. ಬೆಟ್ಟದ ಕೆಳಗಿನ ಬೀದಿಗಳಲ್ಲಿ ಕಡಲೆಪುರಿ, ಬಳೆ, ಬಲೂನಿನ ಅಂಗಡಿಗಳು ಸಾಲು ಹಿಡಿಯುತ್ತವೆ. ಪ್ಲಾಸ್ಟಿಕ್ ಆಟಿಕೆಗಳ ರಾಶಿಯ ಪಕ್ಕ ಮರದ ಪುಟ್ಟ ಗಾಡಿಗಳನ್ನು ಒರಗಿಸಿಟ್ಟಿರುತ್ತಾರೆ. ಮುಂದೆ ಒಂದು ಗಾಲಿ, ಹಿಂದೆ ಎರಡು, ನಡುವೆ ತ್ರಿಕೋನದ ಚೌಕಟ್ಟು, ಮಗುವಿನ ಎದೆಯೆತ್ತರಕ್ಕೆ ಒಂದು ಅಡ್ಡ ಹಿಡಿ. ತಮಿಳಿನವರು ‘ನಡೈವಂಡಿ’ ಎನ್ನುತ್ತಾರೆ, ತೆಲುಗಿನವರು ‘ಮೂಡು ಚಕ್ರಾಲ ಬಂಡಿ’. ನಮ್ಮ ಮನೆಯಲ್ಲಿ ಅದು ‘ನಡೆಯೋ ಗಾಡಿ’. ಮೂರು ಭಾಷೆಯ ಊರಿನಲ್ಲಿ ಮೂರು ಹೆಸರಿದ್ದರೂ ಗಾಡಿ ಒಂದೇ.

ಇದು ಇವತ್ತಿನ ನೆನ್ನೆಯ ವಸ್ತುವಲ್ಲ. ಕರಿಕಾಲ ಚೋಳನ ಕಾವೇರಿಪಟ್ಟಣವನ್ನು ವರ್ಣಿಸುವ ಸಂಗಂ ಕಾಲದ ‘ಪಟ್ಟಿನಪ್ಪಾಲೈ’ ಕಾವ್ಯದಲ್ಲಿ ಕುದುರೆಯಿಲ್ಲದೆ ಮಕ್ಕಳು ಉರುಳಿಸುವ ಮೂರು ಗಾಲಿಯ ಕಿರುತೇರಿನ ಮಾತು ಬರುತ್ತದೆ. ಅಂಗಳದಲ್ಲಿ ಒಣಹಾಕಿದ ಧಾನ್ಯಕ್ಕೆ ಬಾಯಿಟ್ಟ ಕೋಳಿಯತ್ತ ಹೆಂಗಸರು ಕಿವಿಯ ಓಲೆಯನ್ನೇ ಕಿತ್ತು ಬೀಸುತ್ತಾರೆ, ಆ ಓಲೆ ಬಿದ್ದು ಮಕ್ಕಳ ಗಾಡಿಗೆ ಅಡ್ಡವಾಗುತ್ತದೆ. ಆ ನಗರದ ಸಿರಿಯನ್ನು ಹೇಳಲು ಕವಿ ಆರಿಸಿಕೊಂಡ ಚಿತ್ರ ಇದು. ನನಗೆ ಅದರಲ್ಲಿ ಓಲೆಗಿಂತ ಗಾಲಿಯೇ ಹೆಚ್ಚು ಕಾಣುತ್ತದೆ. ಅಂದೂ ಗಾಲಿ ಮೂರೇ.

ಈ ಗಾಡಿಯನ್ನು ಇಂದು ಚೆಂದಕ್ಕೂ ಗಟ್ಟಿತನಕ್ಕೂ ಹೆಸರಾಗುವಂತೆ ಮಾಡುವವರು ಚನ್ನಪಟ್ಟಣದವರು. ಬೆಂಗಳೂರು–ಮೈಸೂರು ಹೆದ್ದಾರಿಯ ಹಳೆಯ ರಸ್ತೆಯಲ್ಲಿ ಹೋದವರಿಗೆಲ್ಲ ಆ ಊರಿನ ಬೊಂಬೆ ಅಂಗಡಿಗಳ ಪರಿಚಯ ಇದ್ದೇ ಇದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ವಿದ್ಯೆ ಬಂತು ಎಂಬುದು ಊರಿನವರ ನಂಬಿಕೆ. ಬಾವಾಸ್ ಮಿಯಾ ಅವರನ್ನು ಈ ಕಸುಬಿನ ಪಿತಾಮಹ ಎಂದು ನೆನೆಯುತ್ತಾರೆ. 2005–06ರಲ್ಲಿ ಚನ್ನಪಟ್ಟಣದ ಆಟಿಕೆ ಮತ್ತು ಬೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು.

ಅಲ್ಲಿ ಗಾಲಿಯೊಂದು ಹುಟ್ಟುವುದನ್ನು ನಿಂತು ನೋಡಬೇಕು. ಆಲೆ ಮರದ ತುಂಡು, ದಂತದಂಥ ಬಿಳುಪು, ಸಣ್ಣ ಎಳೆ. ತಿಂಗಳುಗಟ್ಟಲೆ ಒಣಗಿಸಿ, ನೀರಿನ ಅಂಶ ಹೋದಮೇಲೆಯೇ ಅದನ್ನು ಲೇತಿಗೆ ಏರಿಸುತ್ತಾರೆ. ಹಸಿ ಮರ ಕಡೆದರೆ ಗಾಲಿ ಆಮೇಲೆ ಮೊಟ್ಟೆಯಾಕಾರಕ್ಕೆ ತಿರುಗಿ, ಗಾಡಿ ಕುಂಟುತ್ತದೆ. ಉಳಿ ತಾಗಿದೊಡನೆ ಮರ ರಿಬ್ಬನ್ನಿನ ಹಾಗೆ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಗಾಲಿ ದುಂಡಗಾದಮೇಲೆ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬ್ರಶ್ಶೂ ಇಲ್ಲ, ಡಬ್ಬಿಯೂ ಇಲ್ಲ. ಕೊನೆಗೆ ಒಣಗಿದ ಕೇದಗೆ ಜಾತಿಯ ಎಲೆಯನ್ನು ಮಡಿಸಿ ಒತ್ತಿದರೆ ಆ ಮಂಕು ಬಣ್ಣ ಕಣ್ಣೆದುರೇ ಕನ್ನಡಿಯಾಗುತ್ತದೆ. ಅರಿಶಿನದಂಥ ಗಿಡಮೂಲದ ಬಣ್ಣ ಬಳಸಿದ್ದರೆ ಮಗು ಹಿಡಿಯನ್ನು ಚೀಪಿದರೂ ತಾಯಿಗೆ ಆತಂಕವಿಲ್ಲ. ಹಲ್ಲು ಬರುವ ವಯಸ್ಸಿನ ಮಗು ಹಿಡಿಯನ್ನು ಚೀಪದೆ ಬಿಡುವುದೂ ಇಲ್ಲ.

ಚೆಂದದ ಮಾತು ಸಾಕು. ಮಗುವಿನ ಗಾಡಿಯ ಅಸಲಿ ಪರೀಕ್ಷೆ ಬೇರೆ: ಹಿಡಿದು ನಿಂತರೆ ಮಗುಚಬಾರದು, ತಳ್ಳಿದರೆ ಓಡಿಹೋಗಬಾರದು, ಬೇಕೆಂದಾಗ ತಿರುಗಬೇಕು.

ಮೂರು ಗಾಲಿ ಯಾಕೆ? ಮೂರು ಗುಂಡಿನ ಒಲೆಯ ಮೇಲೆ ಮಡಕೆ ಯಾವತ್ತೂ ಅಲ್ಲಾಡುವುದಿಲ್ಲ; ನಾಲ್ಕು ಕಾಲಿನ ಮಂಚದ ಒಂದು ಕಾಲಿಗೆ ಮಾತ್ರ ನಾವು ಕಾಗದ ಮಡಿಸಿ ಇಡುತ್ತೇವೆ. ನೆಲ ಎಷ್ಟೇ ಏರುತಗ್ಗಾಗಿರಲಿ, ಮೂರು ಬಿಂದುಗಳು ಒಟ್ಟಿಗೆ ನೆಲ ಮುಟ್ಟಿಯೇ ತೀರುತ್ತವೆ. ಕೆಲಮಂಗಲ, ತಳಿ ಕಡೆಯ ಹಳೆಯ ಮನೆಗಳ ಚಪ್ಪಡಿ ಕಲ್ಲಿನ ನೆಲಕ್ಕೂ ಸಾರಿಸಿದ ಅಂಗಳಕ್ಕೂ ಇದೇ ಸರಿ. ಆದರೆ ಮೂರು ಗಾಲಿಗೆ ಒಂದು ತೊಡಕಿದೆ. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ ಗೆರೆ ಎಳೆದರೆ, ಭಾರ ಆ ಗೆರೆಯ ಆಚೆಗೆ ಹೋದ ಕ್ಷಣ ಗಾಡಿ ಪಕ್ಕಕ್ಕೆ ಉರುಳುತ್ತದೆ. ಅದಕ್ಕೇ ಹಿಂದಿನ ಗಾಲಿಗಳು ಅಗಲವಾಗಿರಬೇಕು, ಮಗುವಿನ ಪಾದ ಎಡವದಷ್ಟಾದರೂ ಅಗಲ.

ಇನ್ನೊಂದು ಸೂಕ್ಷ್ಮ ಇದೆ. ಕೂತ ಮಗು ಏಳುವಾಗ ಹಿಡಿಯನ್ನು ತನ್ನ ಕಡೆಗೆ ಎಳೆಯುತ್ತದೆ. ಹಿಡಿಯ ಕಂಬ ಹಿಂದಿನ ಅಚ್ಚಿಗಿಂತ ಹಿಂದಕ್ಕೆ ವಾಲಿದ್ದರೆ ಗಾಡಿ ಮಗುವಿನ ಮೇಲೆಯೇ ಬೀಳುತ್ತದೆ. ಒಳ್ಳೆಯ ಗಾಡಿಯಲ್ಲಿ ಕಂಬ ಅಚ್ಚಿನ ಮುಂದೆ ನೆಟ್ಟಿರುತ್ತದೆ, ಮುಂಭಾಗದ ಚೌಕಟ್ಟು ಉದ್ದವಾಗಿ ಭಾರವಾಗಿರುತ್ತದೆ. ನೋಡುವವರಿಗೆ ಒಂದೆರಡು ಬೆರಳಿನ ವ್ಯತ್ಯಾಸ. ಮೊದಲ ಹೆಜ್ಜೆಯ ಮಗುವಿಗೆ ಅಷ್ಟೇ ಸಾಕು.

ಗಾಲಿ ಸಲೀಸಾಗಿ ಓಡುವುದು ಗುಣ ಎಂದು ನಾವು ತಿಳಿಯುತ್ತೇವೆ. ಇಲ್ಲಿ ಅದು ದೋಷ. ಮಗು ನಡೆಯುವುದಕ್ಕಿಂತ ಮುಂಚೆ ವಾಲುತ್ತದೆ. ಗಾಲಿ ಸರ್ರನೆ ಜಾರಿದರೆ ಮುಖ ನೆಲಕ್ಕೆ. ಮರದ ಗುಂಬದಲ್ಲಿ ಮರದ ಅಚ್ಚು ಸ್ವಲ್ಪ ಬಿಗಿಯಾಗಿ ಕೂತಿರುವುದರಿಂದ ನಡೆಯೋ ಗಾಡಿ ಮಗುವಿನ ಹೆಜ್ಜೆಗಾಗಿ ಕಾಯುತ್ತದೆ. ನನ್ನ ಅಜ್ಜಿ ಗಾಡಿಗೆ ಎಣ್ಣೆ ಹಾಕಲು ಬಿಡುತ್ತಿರಲಿಲ್ಲ. ಗಾಲಿ ಸವೆದು ಸಡಿಲವಾದರೆ ಅಚ್ಚಿಗೆ ಹಳೆಯ ಸೀರೆಯ ಪಟ್ಟಿ ಸುತ್ತಿ ಕಡಾಣಿ ಬಿಗಿಯುತ್ತಿದ್ದಳು. ಗಾಡಿಗೆ ಬೇಕಾದ ಬ್ರೇಕು ಅಷ್ಟೇ.

ತಿರುಗಿಸುವುದರಲ್ಲಿ ಮಾತ್ರ ಈ ಗಾಡಿ ಹಿಂದೆ. ಮುಂದಿನ ಗಾಲಿ ಅಲುಗದೆ ನೇರ ನಿಂತಿರುವುದರಿಂದ ಮಗು ಮೂಲೆಗೆ ಸಿಕ್ಕಿ ಅಳುತ್ತದೆ, ನಾವು ಹೋಗಿ ಎತ್ತಿ ತಿರುಗಿಸುತ್ತೇವೆ. ಇದಕ್ಕೆ ಉತ್ತರ ಹೊಸೂರಿನ ಬೀದಿಯಲ್ಲೇ ಓಡಾಡುತ್ತಿದೆ. 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಂದದ್ದು ಈ ಊರಿನಿಂದ. ದ್ವಿಚಕ್ರದ ಮುಂದಿನ ಫೋರ್ಕ್ ಓರೆಯಾಗಿರುವುದನ್ನು ಗಮನಿಸಿ. ತಿರುಗುವ ಅಕ್ಷದ ಗೆರೆ ನೆಲ ಮುಟ್ಟುವ ಜಾಗಕ್ಕಿಂತ ಗಾಲಿ ನೆಲ ಮುಟ್ಟುವ ಜಾಗ ಹಿಂದೆ ಇರುತ್ತದೆ. ಹಾಗಾಗಿ ಗಾಲಿ ತಾನಾಗಿಯೇ ಹೋಗುವ ದಿಕ್ಕಿಗೆ ಬಾಲದಂತೆ ಹಿಂಬಾಲಿಸುತ್ತದೆ. ಮಕ್ಕಳ ಸ್ಟ್ರೋಲರಿನ ಮುಂದಿನ ಪುಟ್ಟ ಗಾಲಿ ಸುತ್ತ ತಿರುಗುವುದೂ ಇದೇ ಲೆಕ್ಕದಲ್ಲಿ. ಆ ಹಿಂಬದಿಯ ಅಂತರ ಕಡಿಮೆಯಾದರೆ, ಜೋಡಣೆ ಸಡಿಲವಾದರೆ, ಗಾಲಿ ಪಟಪಟ ನಡುಗುತ್ತದೆ. ಒರಟು ನೆಲದಲ್ಲಿ ಅದನ್ನು ನೇರಕ್ಕೆ ಬೀಗ ಹಾಕಿ ನಿಲ್ಲಿಸುವ ಏರ್ಪಾಡು ಇರಬೇಕು. ಬೀಗ ಹಾಕಿದ ಸ್ಟ್ರೋಲರ್ ಮತ್ತೆ ನಡೆಯೋ ಗಾಡಿಯೇ ಆಗುತ್ತದೆ.

ಸ್ಟ್ರೋಲರಿನ ಕತೆ ಶ್ರೀಮಂತರ ಉದ್ಯಾನದಲ್ಲಿ ಶುರುವಾಯಿತು. 1733ರಲ್ಲಿ ಇಂಗ್ಲೆಂಡಿನ ವಿಲಿಯಂ ಕೆಂಟ್ ಡೆವನ್‌ಶೈರಿನ ಡ್ಯೂಕನ ಮಕ್ಕಳಿಗಾಗಿ ಚಿಪ್ಪಿನಾಕಾರದ ಗಾಡಿ ಮಾಡಿದ. ಅದನ್ನು ಎಳೆಯಲು ಪ್ರಾಣಿ ಬೇಕಿತ್ತು. 1965ರಲ್ಲಿ ಓವನ್ ಮೆಕ್ಲಾರೆನ್ ಎಂಬ ವಿಮಾನ ಎಂಜಿನಿಯರ್, ಸ್ಪಿಟ್‌ಫೈರ್ ಯುದ್ಧವಿಮಾನದ ಗಾಲಿಕಾಲುಗಳ ಮೇಲೆ ಕೆಲಸ ಮಾಡಿದವನು, ಅಲ್ಯುಮಿನಿಯಂ ಕೊಳವೆಗಳಿಂದ ಛತ್ರಿಯಂತೆ ಮಡಚುವ, 3 ಕೆ.ಜಿ.ಯೂ ತೂಗದ ಗಾಡಿಗೆ ಪೇಟೆಂಟ್ ಕೋರಿದ. ತಾಯಂದಿರಿಗೆ ಅದು ದೊಡ್ಡ ಬಿಡುಗಡೆ. ಆದರೆ ಹಗುರತನಕ್ಕೆ ಬೆಲೆ ತೆರಬೇಕು.

ಒಂದು ಸಂಜೆ ತರಕಾರಿ ಮಾರುಕಟ್ಟೆಯಿಂದ ಬಂದ ನನ್ನ ಸೊಸೆ ಸ್ಟ್ರೋಲರಿನ ಹಿಡಿಗೆ ಚೀಲ ತೂಗುಹಾಕಿ ಮಗುವನ್ನು ಎತ್ತಿಕೊಂಡಳು. ಮರುಕ್ಷಣ ಗಾಡಿ ಹಿಂದಕ್ಕೆ ಮಗುಚಿ ಟೊಮೆಟೊ ಬೀದಿಗೆ ಬಿತ್ತು. ಲೆಕ್ಕ ಸುಲಭ. 9 ಕೆ.ಜಿ. ಮಗು ಹಿಂದಿನ ಅಚ್ಚಿನಿಂದ 20 ಸೆಂ.ಮೀ. ಮುಂದೆ ಕೂತಿದೆ, 3 ಕೆ.ಜಿ. ಗಾಡಿಯ ಭಾರವೂ ಅಲ್ಲೇ ಇದೆ ಎಂದುಕೊಳ್ಳಿ: ಒಟ್ಟು 240. ಹಿಡಿಯ 5 ಕೆ.ಜಿ. ಚೀಲ 40 ಸೆಂ.ಮೀ. ಹಿಂದೆ: 200. ಮಗು ಕೂತಿರುವವರೆಗೆ ಹೇಗೋ ನಿಲ್ಲುತ್ತದೆ. ಮಗು ಎದ್ದರೆ ಈ ಕಡೆ 60, ಆ ಕಡೆ 200. ಚೀಲದ ಜಾಗ ಸೀಟಿನ ಕೆಳಗೆ, ನಾಲ್ಕು ಗಾಲಿಗಳ ನಡುವೆ. ಭಾರ ಕೆಳಗಿದ್ದಷ್ಟೂ ಗಾಡಿ ಗಟ್ಟಿ. ಯುರೋಪು, ಅಮೆರಿಕದ ಮಾನದಂಡಗಳು ಸ್ಟ್ರೋಲರನ್ನು 12 ಡಿಗ್ರಿ ಇಳಿಜಾರಿನಲ್ಲಿ ನಿಲ್ಲಿಸಿ ಮಗುಚುತ್ತದೆಯೇ ಎಂದು ನೋಡುತ್ತವೆ. ಹಿಡಿಗೆ ತರಕಾರಿ ಚೀಲ ತೂಗುವ ನಮ್ಮ ಅಭ್ಯಾಸವನ್ನೂ ವಿನ್ಯಾಸಕರು ಲೆಕ್ಕಕ್ಕೆ ಹಿಡಿಯಬೇಕು.

ಗಾಲಿಯ ಅಳತೆಯೂ ಅಷ್ಟೇ ಮುಖ್ಯ. ತನ್ನ ಅರ್ಧ ವ್ಯಾಸದಷ್ಟು ಎತ್ತರದ ಮೆಟ್ಟಿಲನ್ನು ಗಾಲಿ ಬರೀ ನೂಕಿದರೆ ಹತ್ತಲಾರದು. 15 ಸೆಂ.ಮೀ. ಗಾಲಿಗೆ ಏಳೂವರೆ ಸೆಂ.ಮೀ. ಕಲ್ಲೂ ಗೋಡೆಯೇ. ಹೊಸೂರಿನ ಓಣಿಗಳ ಚರಂಡಿ ಚಪ್ಪಡಿ, ಜಲ್ಲಿ, ರಸ್ತೆ ಉಬ್ಬುಗಳ ನಡುವೆ ಆ ಪುಟ್ಟ ಗಾಲಿಗಳು ಪ್ರತಿ ಹತ್ತು ಹೆಜ್ಜೆಗೆ ಸಿಕ್ಕಿಕೊಳ್ಳುತ್ತವೆ. ಮಾಲುಗಳ ನುಣುಪು ನೆಲಕ್ಕೆ ಮಾಡಿದ ಗಾಡಿ ನಮ್ಮ ಬೀದಿಗೆ ಸಲ್ಲದು. ಮೋಟಾರು ವಾಹನಗಳನ್ನು ಕಟ್ಟಿ ದೇಶಕ್ಕೆ ಕೊಡುವ ಈ ಜಿಲ್ಲೆಯಲ್ಲಿ, ದೊಡ್ಡ ಗಾಲಿಯ, ತಗ್ಗು ಸೀಟಿನ, ನಮ್ಮ ಬೀದಿಯನ್ನು ಬಲ್ಲ ಸ್ಟ್ರೋಲರ್ ಯಾರಾದರೂ ಮಾಡಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ನಡೆಯೋ ಗಾಡಿಯನ್ನು, ಮಗುವನ್ನು ನಡುವೆ ಕೂರಿಸಿ ಸುತ್ತ ಗಾಲಿ ಕಟ್ಟುವ ಪ್ಲಾಸ್ಟಿಕ್ ವಾಕರಿನ ಜೊತೆ ಸೇರಿಸಬೇಡಿ. ಅದರಲ್ಲಿ ಮಗು ಮೆಟ್ಟಿಲಿನಿಂದ ಉರುಳುವ ಅಪಾಯ ಹೆಚ್ಚು. ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ನಮ್ಮ ಗಾಡಿಯಲ್ಲಿ ಮಗು ತನ್ನ ಕಾಲ ಮೇಲೆ ತಾನು ನಿಂತಿರುತ್ತದೆ. ಹಾಗೆಂದು ಮೆಟ್ಟಿಲ ಬಳಿ ಬಿಟ್ಟು ಒಳಗೆ ಹೋಗುವಂತಿಲ್ಲ.

ಅಂದದ ಬಗ್ಗೆ ಇನ್ನೊಂದು ಮಾತು. ಅಂಗಡಿಯ ಸ್ಟ್ರೋಲರಿನ ಬಣ್ಣ, ಹೊಲಿಗೆ ಎಲ್ಲವೂ ಎದುರಿಗೆ ಬರುವವರ ಕಣ್ಣಿಗೆ. ಒಳಗೆ ಕೂತ ಮಗುವಿಗೆ ಕಾಣುವುದು ಬೂದುಬಣ್ಣದ ಛಾವಣಿ. ಚನ್ನಪಟ್ಟಣದ ಗಾಡಿಯಲ್ಲಿ ಹಳದಿ, ಕೆಂಪು, ಹಸಿರು ಪಟ್ಟೆ ಇರುವುದು ಮಗುವಿನ ಮೂಗಿನ ಮುಂದಿನ ಕೋಲಿನಲ್ಲಿ. ಕೋಲಿಗೆ ಪೋಣಿಸಿದ ಮಣಿಗಳು ಹೆಜ್ಜೆಗೊಮ್ಮೆ ಟಕ್ ಟಕ್ ಎನ್ನುತ್ತವೆ. ನಿಂತರೆ ಸದ್ದೂ ನಿಲ್ಲುತ್ತದೆ, ಅದಕ್ಕೇ ಮಗು ಇನ್ನೊಂದು ಹೆಜ್ಜೆ ಇಡುತ್ತದೆ.

ತೇರಿನಲ್ಲಿ ಕೊಳ್ಳುವವರು ಮೂರು ಪರೀಕ್ಷೆ ಮಾಡಿ. ಅಂಗೈಯಲ್ಲಿ ಹಿಡಿಯನ್ನು ಕೆಳಗೊತ್ತಿ. ಮುಂದಿನ ಗಾಲಿ ಎದ್ದರೆ ಬೇಡ. ಬೆರಳಲ್ಲಿ ಗಾಲಿ ತಿರುಗಿಸಿ. ಬಹಳ ಸುತ್ತು ಓಡಿದರೆ ಬೇಡ. ಅಂಚನ್ನು ಕೆನ್ನೆಗೆ ಉಜ್ಜಿ ನೋಡಿ, ಗೀರಿದರೆ ಬೇಡ.

ಹೋದ ವರ್ಷ ತಂದ ನಮ್ಮ ಗಾಡಿಯ ಹಿಡಿಯಲ್ಲಿ ಈಗ ಅರಗು ಹೋಗಿ ಬಿಳಿ ಮರ ಕಾಣುತ್ತಿದೆ. ಮೊಮ್ಮಗಳು ಅದನ್ನು ಹಿಡಿಯುವುದನ್ನು ಬಿಟ್ಟು ತಿಂಗಳಾಯಿತು. ನಿನ್ನೆ ಚೌಕಟ್ಟಿಗೆ ಅವಳ ಅಜ್ಜನ ಟವೆಲ್ ಕಟ್ಟಿಸಿಕೊಂಡು, ಒಳಗೆ ಬೊಂಬೆ ಮಲಗಿಸಿ, ಮುಂದಿನ ಗಾಲಿಗೆ ದಾರ ಬಿಗಿಸಿಕೊಂಡು ಪಡಸಾಲೆಯುದ್ದಕ್ಕೂ ಎಳೆದಳು. ಬಾಗಿಲಲ್ಲಿ ಗಾಡಿ ಸಿಕ್ಕಿಕೊಂಡಾಗ ನಾವು ಏಳುವ ಮುಂಚೆಯೇ ಹಿಂದಕ್ಕೆ ಬಂದು, ಮುಂದಿನ ಗಾಲಿಯನ್ನು ಎರಡು ಕೈಯಲ್ಲಿ ಎತ್ತಿ, ತಿರುಗಿಸಿ ಇಟ್ಟಳು.