ಬಿಳಿ ತಂದೆ, ಹೊನ್ನಿನ ತಾಯಿ, ಕಪ್ಪು ಮರಿಗಳು

ಹತ್ತನೆಯ ತರಗತಿಯ ಅನುವಂಶೀಯತೆಯ ಪಾಠವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಬಟಾಣಿಯಲ್ಲಿ ಆರಂಭಿಸಿ ಬಟಾಣಿಯಲ್ಲೇ ಮುಗಿಸುತ್ತಾರೆ. ಮಕ್ಕಳು 3:1 ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಜೀವಿ ಬದಲಾದರೆ ತಡವರಿಸುತ್ತಾರೆ. ಎರಡನೆಯ ಉದಾಹರಣೆಯಾಗಿ ನಾನು ಸೂಚಿಸುವುದು ಆಕ್ಸೊಲಾಟ್ಲ್. ಮೆಕ್ಸಿಕೊದ ಸೊಚಿಮಿಲ್ಕೊ ಸರೋವರದ ಈ ಉಭಯವಾಸಿ ಪ್ರೌಢವಾದ ಮೇಲೂ ಕಿವಿರುಗಳನ್ನು ಉಳಿಸಿಕೊಂಡು ನೀರಿನಲ್ಲೇ ಬದುಕುತ್ತದೆ. 1864ರಲ್ಲಿ ಪ್ಯಾರಿಸ್‌ಗೆ ಬಂದ 34 ಆಕ್ಸೊಲಾಟ್ಲ್‌ಗಳಲ್ಲಿ ಒಂದು ಗಂಡು ಬಿಳಿಯದಾಗಿತ್ತು. (ಮೆಂಡಲ್ ತನ್ನ ಬಟಾಣಿ ಪ್ರಬಂಧ ಓದಿದ್ದು ಮರುವರ್ಷ.)

ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಇಲ್ಲ. ಹಾಗಾಗಿ ಪ್ರಬಲವಾದ ಗಾಢ ಬಣ್ಣಕ್ಕೆ ‘ಗ’, ದುರ್ಬಲವಾದ ಬಿಳಿಗೆ ‘ಬ’ ಎಂದಿಟ್ಟುಕೊಳ್ಳೋಣ. ಗಬ ಮತ್ತು ಗಬ ಕೂಡಿದರೆ ಗಗ, ಗಬ, ಗಬ, ಬಬ. ಇಲ್ಲಿ ‘ನಾಲ್ಕು ಮರಿಗಳಲ್ಲಿ ಒಂದು ಬಿಳಿ’ ಎಂದು ಹಲಗೆಯ ಮೇಲೆ ಬರೆಯಬೇಡಿ. ಪ್ರತಿ ಮೊಟ್ಟೆಗೂ ಬಿಳಿಯಾಗುವ ಸಾಧ್ಯತೆ ನಾಲ್ಕರಲ್ಲೊಂದು, ಅಷ್ಟೆ. ಒಂದು ಸಲಕ್ಕೆ ನೂರಾರು ಮೊಟ್ಟೆಗಳಿರುವುದರಿಂದ ಅನುಪಾತ ಕಣ್ಣಿಗೆ ಕಾಣುತ್ತದೆ. ಮನುಷ್ಯರ ಕುಟುಂಬದಲ್ಲಿ ಹಾಗೆ ಕಾಣುವುದಿಲ್ಲ.

ಈಗ ಚಿತ್ರ ತೋರಿಸಿ ಕೇಳಿ: ಈ ಬಿಳಿ ಪ್ರಾಣಿಯ ಕಣ್ಣು ಕಪ್ಪಗಿದೆ, ಏಕೆ? ಅದರ ದೇಹ ಮೆಲನಿನ್ ತಯಾರಿಸಬಲ್ಲದು. ಆದರೆ ಭ್ರೂಣದ ಬೆನ್ನಿನಂಚಿನಿಂದ ಹೊರಟ ವರ್ಣಕೋಶಗಳು ಚರ್ಮದ ತುಂಬ ಹರಡುವುದಿಲ್ಲ. ಕಣ್ಣಿನ ಪಾಟಲದ ವರ್ಣಕವೋ ಅಲ್ಲಿಯೇ ಹುಟ್ಟುತ್ತದೆ. ಹೊನ್ನಿನ ಬಣ್ಣದ ಆಕ್ಸೊಲಾಟ್ಲ್‌ನದು ಬೇರೆ ಕಥೆ. ಅದರ ಕೋಶಗಳು ಹರಡುತ್ತವೆ, ಮೆಲನಿನ್ ಮಾತ್ರ ಇಲ್ಲ; ಹಳದಿ ಉಳಿಯುತ್ತದೆ. ಇದು ಇನ್ನೊಂದು ಜೀನ್. ಮೆಲನಿನ್ ತಯಾರಿಕೆಗೆ ‘ರ’, ಅದಿಲ್ಲದ್ದಕ್ಕೆ ‘ಶ’ ಎನ್ನೋಣ.

ಬಿಳಿ ತಂದೆ ಬಬರರ, ಹೊನ್ನಿನ ತಾಯಿ ಗಗಶಶ. ಮರಿಗಳ ಬಣ್ಣವನ್ನು ಮಕ್ಕಳು ಮೊದಲು ಊಹಿಸಲಿ. ಬಹುತೇಕರು ‘ತಿಳಿ ಬಣ್ಣ’ ಎನ್ನುತ್ತಾರೆ. ಚೌಕ ಹಾಕಿದಾಗ ಎಲ್ಲವೂ ಗಬರಶ, ಅಂದರೆ ಗಾಢ! ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿದ್ದಾರೆ. ಇಂಥ ಎರಡು ಮರಿಗಳು ಬೆಳೆದು ಕೂಡಿದರೆ ನಿರೀಕ್ಷೆ 9 ಗಾಢ, 3 ಹೊನ್ನು, 3 ಕಪ್ಪುಗಣ್ಣಿನ ಬಿಳಿ, 1 ಕೆಂಗಣ್ಣಿನ ಬಿಳಿ. ಕೊನೆಯ ಎರಡನ್ನು ಬೇರ್ಪಡಿಸುವುದು ಕಣ್ಣೇ, ಚರ್ಮವಲ್ಲ.

ಗಾಢ ಪ್ರಾಣಿಯೊಂದು ಗಗವೋ ಗಬವೋ ಎಂಬುದು ನೋಟಕ್ಕೆ ತಿಳಿಯದು. ಬಿಳಿಯದರೊಂದಿಗೆ ಕೂಡಿಸಬೇಕು. ಒಂದು ಬಿಳಿ ಮರಿ ಹುಟ್ಟಿದರೂ ಅದು ಗಬ. ಹತ್ತೂ ಗಾಢವಾದರೆ? ಗಬ ಆಗಿದ್ದೂ ಹಾಗಾಗುವ ಸಾಧ್ಯತೆ 1,024ರಲ್ಲಿ ಒಂದು. ಈ ಲೆಕ್ಕವನ್ನು ಮಕ್ಕಳೇ ಹತ್ತು ಸಲ ನಾಣ್ಯ ಚಿಮ್ಮಿ ಪರೀಕ್ಷಿಸಲಿ. ಅದಕ್ಕೆ ಎರಡನೆಯ ಅವಧಿಯನ್ನು ಮೀಸಲಿಡಿ.